ಕಬ್ಬಿನ ಗಾಡಿಗೊಂದು ಮಿಣುಕು ದೀಪ

ಹೋದ ಹಂಗಾಮಿನಲ್ಲಿ ರಾತ್ರಿ ಸಿಂದಗಿಯಿಂದ ಇಂಡಿಗೆ ಬರುವಾಗ ನಮ್ಮವರು ಗಕ್ಕನೆ ಬ್ರೇಕ್ ಹಾಕಿದರು. ನಾಲ್ಕು ಮಾರು ಮುಂದೆ ಕಬ್ಬಿನ ಟ್ರಾಲಿ! ರಿಫ್ಲೆಕ್ಟರ್ ಇತ್ತು, ಜೋತುಬಿದ್ದ ಕಬ್ಬು ಅದನ್ನು ಮುಚ್ಚಿತ್ತು.

"ಹಿಂದ ಲೈಟ್ ಯಾಕಿಲ್ಲೋ ತಮ್ಮಾ?"

"ವೈರ್ ಹರದೈತ್ರಿ ಅಕ್ಕಾರ."

ಮನೆಗೆ ಬಂದು ಹೇಳಿದಾಗ ಮಗ ಗ್ಲೈಡರ್ ಮಾತು ತೆಗೆದ. ಎಂಜಿನ್ ಇಲ್ಲದೆ ಹಾರುವ ಈ ವಿಮಾನ ಎದುರಿನಿಂದ ತೆಳ್ಳನೆ ಗೆರೆಯಷ್ಟೇ ಕಾಣುತ್ತದಂತೆ. ಅದಕ್ಕೇ ಕೆಲವಕ್ಕೆ ಮಿಂಚಿ ಆರುವ ಸ್ಟ್ರೋಬ್ ಲೈಟ್ ಹಾಕುತ್ತಾರೆ; ಮಿಣುಕುವುದು ಬೇಗ ಕಣ್ಣಿಗೆ ಬೀಳುತ್ತದಲ್ಲ!

ಟ್ರಾಲಿಗೂ ಬೇಕಾದ್ದು ಅಂಥದ್ದೇ: ಬ್ಯಾಟರಿಯ ಕೆಂಪು ಮಿಣುಕು ದೀಪ, ವೈರಿನ ಹಂಗಿಲ್ಲ. ಕಟ್ಟುವುದು ಮಾತ್ರ ಕಬ್ಬು ಹೇರಿದ ಮೇಲೆ, ಎಲ್ಲಕ್ಕಿಂತ ಹೊರಗೆ ಚಾಚಿದ ಜಲ್ಲೆಗೆ. ಈ ಸಲ ನಮ್ಮ ಹೊಲದಿಂದ ಹೊರಟ ಗಾಡಿಗೆ ನಾನೇ ನಿಂತು ಕಟ್ಟಿಸಿದೆ.