ಗರಸು ದಾರಿಯಲ್ಲಿ ಬೈಸಿಕಲ್ಲು

ನಂದಿಬೆಟ್ಟದ ಕಡೆಗೆ ಹೋಗುವ ಡಾಂಬರು ರಸ್ತೆಯಲ್ಲಿ ಭಾನುವಾರದ ಮುಂಜಾನೆ ಬೈಸಿಕಲ್ಲು ಸವಾರರ ಸಾಲನ್ನು ಯಾರು ಬೇಕಾದರೂ ನೋಡಬಹುದು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ಡಾಂಬರು ಕಾಣದ ದಾರಿಗಳೂ ಹೇರಳವಾಗಿವೆ. ಕೆರೆಯ ಏರಿಯ ಮೇಲೆ ಹೋಗುವ ದಾರಿ, ಹೊಲದಿಂದ ಹೊಲಕ್ಕೆ ಹೋಗುವ ಬಂಡಿದಾರಿ, ಬೆಟ್ಟದ ಬುಡವನ್ನು ಸುತ್ತುವ ಗರಸು ದಾರಿ ಇವೇ ಅವು. ಇಂಥ ದಾರಿಗಳಿಗೆಂದೇ ಸಿದ್ಧಪಡಿಸಿದ ಬೈಸಿಕಲ್ಲುಗಳು ಈಚೆಗೆ ಬಳಕೆಗೆ ಬಂದಿವೆ. ಅವುಗಳ ಮೇಲೆ ಸವಾರಿ ಏಕೆ ಹಿತವಾಗುತ್ತದೆ, ಅದರ ಹಿಂದಿರುವ ಭೌತಶಾಸ್ತ್ರವೇನು ಎಂಬುದನ್ನು ವಿಚಾರ ಮಾಡೋಣ.

ಮೊದಲು ಕಾಲಡಿಯ ನೆಲವನ್ನೇ ನೋಡಬೇಕು. ಈ ಪ್ರಾಂತದ ಬೆಟ್ಟಗಳೆಲ್ಲ ಬಹುಮಟ್ಟಿಗೆ ಗ್ರಾನೈಟು ಮತ್ತು ಅದರ ಬಂಧುಗಳಾದ ನೈಸ್ ಶಿಲೆಗಳಿಂದ ಆದವು. ಇಲ್ಲಿಯ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಶಿಲೆಯಲ್ಲಿ ಮುಖ್ಯವಾಗಿ ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್, ಅಭ್ರಕ ಎಂಬ ಖನಿಜಗಳಿವೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಜೇಡಿಯನ್ನಾಗಿ ಮಾರ್ಪಡಿಸುತ್ತದೆ. ಕ್ವಾರ್ಟ್ಸ್ ಮಾತ್ರ ಜಗ್ಗುವುದಿಲ್ಲ; ಚೂಪಾದ ಹರಳುಗಳಾಗಿ ಉಳಿದುಬಿಡುತ್ತದೆ. ಹರಳೂ ಜೇಡಿಯೂ ಬೆರೆತು, ಕಬ್ಬಿಣದ ತುಕ್ಕಿನಿಂದ ಕೆಂಪೇರಿದ ಮಣ್ಣೇ ನಮ್ಮ ಗರಸು. ಅದರಲ್ಲಿ ಜೇಡಿಯ ಪಾಲು ಸರಿಯಾಗಿದ್ದು ಸ್ವಲ್ಪ ತೇವವೂ ಇದ್ದರೆ ದಾರಿ ಗಚ್ಚಿನಂತೆ ಗಟ್ಟಿಯಾಗುತ್ತದೆ. ಬೇಸಗೆಯಲ್ಲಿ ಒಣಗಿ ಜೇಡಿ ಧೂಳಾಗಿ ಹಾರಿಹೋದರೆ ಹರಳು ಮಾತ್ರ ಉಳಿದು, ರಾಗಿಯ ರಾಶಿಯ ಮೇಲೆ ನಡೆದಂತೆ ಜಾರುತ್ತದೆ. ಆದುದರಿಂದಲೇ ಮುಂಗಾರು ಕಳೆದ ಮೇಲಿನ ತಿಂಗಳುಗಳು, ಅಂದರೆ ಅಕ್ಟೋಬರಿನ ಕೊನೆಯಿಂದ ಜನವರಿಯವರೆಗೆ, ಈ ಸವಾರಿಗೆ ಅತ್ಯುತ್ತಮವೆಂದು ನಮ್ಮ ಅಭಿಪ್ರಾಯ.

ಇನ್ನು ಯಂತ್ರದ ವಿಚಾರ. ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿ 2006ರಲ್ಲಿ ಆರಂಭವಾದ ಗರಸು ದಾರಿಯ ದೀರ್ಘ ಪಂದ್ಯವು ಈ ಬಗೆಯ ಸವಾರಿಗೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯಿತು. ಪಂದ್ಯದ ರಸ್ತೆ ಬೈಸಿಕಲ್ಲಿನ ಟೈರು 25ರಿಂದ 28 ಮಿಲಿಮೀಟರ್ ಅಗಲವಿದ್ದರೆ, ಗರಸು ಬೈಸಿಕಲ್ಲಿನದು ಸಾಮಾನ್ಯವಾಗಿ 38ರಿಂದ 50 ಮಿಲಿಮೀಟರ್. ಇದನ್ನು ಓದಿ ಹಳ್ಳಿಯ ಹಿರಿಯರು ನಕ್ಕರೆ ಆಶ್ಚರ್ಯವಿಲ್ಲ. ಏಕೆಂದರೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವರ, ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದವರ ಕರಿಯ ಬೈಸಿಕಲ್ಲಿನ ಟೈರು ಒಂದೂವರೆ ಅಂಗುಲ, ಎಂದರೆ ಸುಮಾರು 38 ಮಿಲಿಮೀಟರ್! ಹೊಸತೆಂದು ಮಾರುವ ಅಗಲವನ್ನು ನಮ್ಮ ರೈತನು ಬಹಳ ಹಿಂದಿನಿಂದಲೇ ತುಳಿಯುತ್ತಿದ್ದಾನೆ. ಹೊಸತಾಗಿರುವುದು ಹಗುರವಾದ ಮೈ, ಅನೇಕ ಗೇರುಗಳು, ಚೆನ್ನಾಗಿ ಹಿಡಿಯುವ ಡಿಸ್ಕ್ ಬ್ರೇಕು, ಇವಿಷ್ಟೇ.

ಅಗಲವಾದ ಟೈರಿನ ಪ್ರಯೋಜನವೇನು? ಸವಾರ, ಬೈಸಿಕಲ್ಲು, ನೀರು ಎಲ್ಲ ಸೇರಿ 75 ಕಿಲೋಗ್ರಾಂ ತೂಕವೆಂದು ಇಟ್ಟುಕೊಳ್ಳೋಣ. ಇದರಲ್ಲಿ ಸುಮಾರು 45 ಕಿಲೋಗ್ರಾಂ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಇದ್ದರೆ, ಈ ತೂಕವನ್ನು ಹೊರಲು ಸುಮಾರು ಏಳೂವರೆ ಚದರ ಸೆಂಟಿಮೀಟರಿನಷ್ಟು ಟೈರು ನೆಲಕ್ಕೆ ತಗುಲಿದರೆ ಸಾಕು. ಒತ್ತಡವನ್ನು 3 ಕಿಲೋಗ್ರಾಮಿಗೆ ಇಳಿಸಿದರೆ 15 ಚದರ ಸೆಂಟಿಮೀಟರ್ ತಗುಲಬೇಕಾಗುತ್ತದೆ. ಎಂದರೆ ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಭಾರ ಅರ್ಧವಾಯಿತು. ಚಕ್ರವು ಮರಳಿನಲ್ಲಿ ಹೂತುಹೋಗುವುದಿಲ್ಲ. ಉತ್ತರ ಪಿನಾಕಿನಿಯ ಒಣ ಪಾತ್ರವನ್ನು ದಾಟುವಾಗ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಗಟ್ಟಿಯಾಗಿ ಗಾಳಿ ತುಂಬಿದ ಟೈರೇ ಹಗುರವಾಗಿ ಓಡುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನುಣುಪಾದ ರಸ್ತೆಯ ಮಟ್ಟಿಗೆ ಅದು ಬಹುಪಾಲು ಸತ್ಯ. ಗರಸಿನ ಮೇಲೆ ಹಾಗಲ್ಲ. ಗಟ್ಟಿ ಟೈರು ಒಂದು ಸೆಂಟಿಮೀಟರ್ ಎತ್ತರದ ಕಲ್ಲನ್ನು ಹತ್ತಿದಾಗ ಅದರ ಮೇಲಿರುವ 45 ಕಿಲೋಗ್ರಾಮೂ ಒಂದು ಸೆಂಟಿಮೀಟರ್ ಮೇಲೇಳಬೇಕು. ಅದಕ್ಕೆ ಸುಮಾರು 4.4 ಜೂಲ್ ಶಕ್ತಿ ಬೇಕು. ಸೆಕೆಂಡಿಗೆ ಹತ್ತು ಕಲ್ಲು ಸಿಕ್ಕಿದರೆ 44 ವಾಟ್. ಆರೋಗ್ಯವಂತ ವಿದ್ಯಾರ್ಥಿಯೊಬ್ಬನು ಕೆಲಕಾಲ ಎಡೆಬಿಡದೆ ಕೊಡಬಲ್ಲ ಸಾಮರ್ಥ್ಯ 150 ವಾಟ್ ಎಂದುಕೊಂಡರೆ, ಅದರ ಕಾಲುಭಾಗಕ್ಕೂ ಹೆಚ್ಚು ಕಲ್ಲು ಹತ್ತುವುದಕ್ಕೇ ಹೋಯಿತು! ಕಲ್ಲಿನಿಂದ ಇಳಿಯುವಾಗ ಸ್ವಲ್ಪ ಮರಳಿ ಬರುವುದುಂಟು. ಉಳಿದುದು ಸವಾರನ ಮೈಯನ್ನು ನಡುಗಿಸುವುದರಲ್ಲಿ ಕಳೆದುಹೋಗುತ್ತದೆ. ಮೆತ್ತನೆಯ ಟೈರಾದರೋ ಕಲ್ಲನ್ನು ತನ್ನೊಳಕ್ಕೆ ಒತ್ತಿಕೊಂಡು ಮುಂದೆ ಹೋಗುತ್ತದೆ, ಸವಾರನು ಮೇಲೇಳುವುದಿಲ್ಲ. ಆದರೆ ಗಾಳಿಯನ್ನು ತೀರ ಇಳಿಸಿದರೆ ರಿಮ್ಮು ಕಲ್ಲಿಗೆ ತಗುಲಿ, ನಡುವೆ ಸಿಕ್ಕಿದ ಟ್ಯೂಬು ಎರಡು ಕಡೆ ಸೀಳುತ್ತದೆ. ಟ್ಯೂಬೇ ಇಲ್ಲದೆ, ಒಳಗೆ ಹಾಲಿನಂಥ ಅಂಟುದ್ರವ ಸುರಿದ ಟೈರುಗಳು ಬಂದಿರುವುದು ಇದಕ್ಕಾಗಿಯೇ. ಜಾಲಿಯ ಮುಳ್ಳು ಚುಚ್ಚಿದರೂ ದ್ರವವು ತೂತಿನಲ್ಲಿ ಹೆಪ್ಪುಗಟ್ಟಿ ಅದನ್ನು ಮುಚ್ಚಿಬಿಡುತ್ತದೆ. ಈ ಸೀಮೆಯ ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಬೆಳೆದಿರುವ ಪರಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ.

ಏರುದಾರಿಯಲ್ಲಿ ಗೇರಿನ ಮಹಿಮೆ ತಿಳಿಯುತ್ತದೆ. ನೂರು ಮೀಟರಿಗೆ 8 ಮೀಟರ್ ಏರುವ ಬಂಡಿದಾರಿಯೊಂದಿದೆಯೆನ್ನೋಣ. 75 ಕಿಲೋಗ್ರಾಮನ್ನು ಅದರ ಮೇಲೆ ನೂಕಲು ಇಳಿಜಾರಿಗಾಗಿ 6 ಕಿಲೋಗ್ರಾಂ ತೂಕದಷ್ಟು ಬಲವೂ, ಗರಸಿನ ಉರುಳು ಘರ್ಷಣೆಗಾಗಿ ಸುಮಾರು ಒಂದೂವರೆ ಕಿಲೋಗ್ರಾಂ ತೂಕದಷ್ಟು ಬಲವೂ ಬೇಕು. 150 ವಾಟ್ ಸಾಮರ್ಥ್ಯಕ್ಕೆ ಸೆಕೆಂಡಿಗೆ 2 ಮೀಟರ್ ವೇಗ ಮಾತ್ರ ಸಿಗುತ್ತದೆ, ಎಂದರೆ ನಿಮಿಷಕ್ಕೆ 120 ಮೀಟರ್. ಸಾಮಾನ್ಯ ಬೈಸಿಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತೇವೆ. ಆಗ ನಿಮಿಷಕ್ಕೆ ಇಪ್ಪತ್ತೆರಡು ಸುತ್ತು, ಪ್ರತಿ ಸುತ್ತಿಗೂ ಎದ್ದು ನಿಂತು ತುಳಿಯಬೇಕು. ಮುಂದೆ 40, ಹಿಂದೆಯೂ 40 ಹಲ್ಲುಗಳಿದ್ದರೆ ಒಂದು ಸುತ್ತಿಗೆ 2.2 ಮೀಟರ್, ನಿಮಿಷಕ್ಕೆ ಐವತ್ತೈದು ಸುತ್ತನ್ನು ಕುಳಿತೇ ತುಳಿಯಬಹುದು. ಕುಳಿತಿರುವುದು ಬರಿಯ ಸುಖಕ್ಕಲ್ಲ. ಎದ್ದು ನಿಂತೊಡನೆ ಹಿಂದಿನ ಚಕ್ರದ ಮೇಲಿನ ಭಾರ ಮುಂದಕ್ಕೆ ಸರಿಯುತ್ತದೆ, ಹರಳುಗಳ ಮೇಲೆ ಹಿಡಿತ ತಪ್ಪಿ ಚಕ್ರ ಇದ್ದಲ್ಲಿಯೇ ಸುತ್ತುತ್ತದೆ.

ಇಳಿಯುವಾಗ ಎಚ್ಚರ ಇನ್ನೂ ಹೆಚ್ಚಿರಬೇಕು. 10 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ತಿರುಗಲು ಭಾರದ ಕಾಲುಪಾಲಿನಷ್ಟು ಅಡ್ಡ ಘರ್ಷಣೆ ಬೇಕು. ವೇಗ 27 ಕಿಲೋಮೀಟರ್ ಆದರೆ ಅರ್ಧಕ್ಕಿಂತಲೂ ಹೆಚ್ಚು ಬೇಕು. ವೇಗ ಒಂದೂವರೆಪಟ್ಟು ಆದರೆ ಬೇಕಾದ ಬಲ ಅದರ ವರ್ಗದಂತೆ ಬೆಳೆಯುವುದರಿಂದ ಹೀಗೆ. ಡಾಂಬರು ಅಷ್ಟನ್ನು ಕೊಡುತ್ತದೆ, ಸಡಿಲ ಗರಸು ಕೊಡಲಾರದು. ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿಯಬೇಕು, ತಿರುವಿನಲ್ಲಿ ಬಿಡಬೇಕು. ತಲೆಗೆ ಹೆಲ್ಮೆಟ್ಟು ಬೇಕೆಂಬುದರಲ್ಲಿ ಚರ್ಚೆಯೇ ಇಲ್ಲ.

ಟ್ರಾಕ್ಟರು, ಟಿಪ್ಪರುಗಳು ಓಡಾಡುವ ಮಣ್ಣುದಾರಿಯಲ್ಲಿ ಅಡ್ಡಡ್ಡಲಾಗಿ ಅಲೆಗಳು ಎದ್ದಿರುವುದನ್ನು ವಾಚಕರು ಗಮನಿಸಿರಬಹುದು. ಗಾಡಿಗಳ ಸ್ಪ್ರಿಂಗುಗಳೇ ಇದಕ್ಕೆ ಕಾರಣವೆಂದು ಬಹಳ ಜನ ತಿಳಿದಿದ್ದರು. 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಸುತ್ತುವ ಮರಳಿನ ಹಾಸಿನ ಮೇಲೆ ಸ್ಪ್ರಿಂಗಿಲ್ಲದ ಗಟ್ಟಿ ಚಕ್ರವನ್ನು ಉರುಳಿಸಿ ನೋಡಿದರು. ವೇಗ ಒಂದು ಮಿತಿಯನ್ನು ದಾಟಿದೊಡನೆ ಅಲೆಗಳು ತಾವಾಗಿಯೇ ಮೂಡಿದವು! ಮಿತಿಗಿಂತ ಕೆಳಗೆ ಹಾಸು ಸಮವಾಗಿಯೇ ಇತ್ತು. ಬಂಡಿದಾರಿಗಳಲ್ಲಿ ಈ ಅಲೆಗಳು ಅಪರೂಪವಾಗಿರುವುದಕ್ಕೆ ಎತ್ತಿನ ನಿಧಾನವೂ ಒಂದು ಕಾರಣವಿರಬೇಕೆಂದು ನಮ್ಮ ಊಹೆ.

ಇಷ್ಟೆಲ್ಲ ಶ್ರಮಪಟ್ಟು ಕಾಣುವುದೇನು? ಡಾಂಬರಿನ ಮೇಲೆ ಧಾವಿಸುವವನಿಗೆ ಕಾಣದುದೆಲ್ಲ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿಯ ಚಪ್ಪರ, ಹೂವಿನ ತೋಟ, ಹಿಂದೆ 1,478 ಮೀಟರ್ ಎತ್ತರದ ನಂದಿಬೆಟ್ಟ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಇಲ್ಲಿಯೇ. ಇದೇ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಆಂಧ್ರಕ್ಕೂ, ದಕ್ಷಿಣ ಪಿನಾಕಿನಿ ತಮಿಳುನಾಡಿಗೂ, ಅರ್ಕಾವತಿ ಕಾವೇರಿಗೂ ಹರಿಯುತ್ತವೆ. ದಿಣ್ಣೆಯೊಂದನ್ನು ಹತ್ತಿ ಇಳಿಯುವಷ್ಟರಲ್ಲಿ ಮಳೆಯ ನೀರಿನ ದಿಕ್ಕೇ ಬದಲಾಗಿರುತ್ತದೆ. ಚಕ್ರದ ಮೇಲೆ ಏರಿಳಿದವನಿಗೆ ಭೂಪಟದ ಗೆರೆ ಕಾಲಿನಲ್ಲಿ ಅರ್ಥವಾಗುತ್ತದೆ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆಯ ತೋಟಗಳು, ಮನೆಗಳ ಮುಂದೆ ಒರಗಿಸಿದ ಚಂದ್ರಂಕಿಗಳು. ಚಿಂತಾಮಣಿಯ ಬಳಿ ಅಂಬಾಜಿದುರ್ಗ, ಕೈಲಾಸಗಿರಿ, ಕೈವಾರ. ದಾರಿ ಕೇಳಿದರೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಉತ್ತರ, ಅದರೊಡನೆ ಕುಡಿಯಲು ಮಜ್ಜಿಗೆಯೂ ಬರಬಹುದು.

ಗೌರಿಬಿದನೂರಿನ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗೆ ಬೇರೆಯೇ ಆಸಕ್ತಿ ಇರಬೇಕು. ಇಲ್ಲಿಯ ಗಟ್ಟಿಶಿಲೆ ಮತ್ತು ನಿಶ್ಶಬ್ದವನ್ನು ಮೆಚ್ಚಿ, ದೂರದ ಭೂಕಂಪಗಳನ್ನೂ ಭೂಗರ್ಭದ ಅಣುಸ್ಫೋಟಗಳನ್ನೂ ಗುರುತಿಸುವ ಕಂಪನಮಾಪಕಗಳ ಜಾಲವನ್ನು 1965ರಲ್ಲಿ ಸ್ಥಾಪಿಸಿದರು. 1976ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕವೂ ಈ ತಾಲ್ಲೂಕಿನಲ್ಲಿಯೇ ಇದೆ. ನಮ್ಮ ಟೈರಿನ ಕೆಳಗೆ ಗರಗರ ಎನ್ನುವ ಅದೇ ಗ್ರಾನೈಟು ಸಾವಿರಾರು ಕಿಲೋಮೀಟರ್ ದೂರದ ನಡುಕವನ್ನು ಸ್ವಚ್ಛವಾಗಿ ತಂದು ಕೊಡುತ್ತದೆ.

ಆ ಗ್ರಾನೈಟೇ ಈಗ ಜಲ್ಲಿಯಾಗಿ ಲಾರಿಗಳಲ್ಲಿ ಹೋಗುತ್ತಿರುವುದನ್ನು ಹೇಳದೆ ಬಿಡುವಂತಿಲ್ಲ. ಈ ಜಿಲ್ಲೆಯ ಹಲವು ಬೆಟ್ಟಗಳನ್ನು ಕ್ವಾರಿಗಳು ಕೊರೆಯುತ್ತಿವೆ; 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಸಿಡಿಮದ್ದಿನ ಫಲಕ ಕಂಡ ದಾರಿಯನ್ನು ಸವಾರನು ಬಿಟ್ಟು ತಿರುಗಬೇಕು. ಇನ್ನೊಂದು ಕಡೆ ಬಂಡಿದಾರಿಗಳು ಒತ್ತುವರಿಯಾಗುತ್ತಿವೆ. ಗ್ರಾಮದ ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಕಾಣುವ ದಾರಿ ನೆಲದ ಮೇಲೆ ಮುಳ್ಳುಬೇಲಿಯಲ್ಲಿ ಮುಗಿಯುವುದು ಹೊಸತಲ್ಲ. ಎತ್ತಿನ ಗಾಡಿ ನಿಂತ ಮೇಲೆ ಅವುಗಳನ್ನು ಬಳಸುವವರು ಕಡಿಮೆ. ಬಳಸದ ದಾರಿಯನ್ನು ಕೇಳುವವರೂ ಕಡಿಮೆ. ರಜೆಯಲ್ಲಿ ನಾಲ್ಕು ಜನ ವಿದ್ಯಾರ್ಥಿಗಳು ತಮ್ಮ ಗ್ರಾಮದ ನಕಾಶೆಯ ಪ್ರತಿ ಹಿಡಿದು, ಯಾವ ದಾರಿ ಉಳಿದಿದೆ, ಯಾವುದು ಎಲ್ಲಿ ಕಡಿದಿದೆ ಎಂದು ಬೈಸಿಕಲ್ಲಿನ ಮೇಲೆ ಹೋಗಿ ಗುರುತು ಹಾಕಿದರೆ ಪಂಚಾಯಿತಿಗೆ ಬೇಕಾದ ದಾಖಲೆಯೇ ಸಿದ್ಧವಾಗುತ್ತದೆ. ಅದಕ್ಕೆ ಹೊಸ ಬೈಸಿಕಲ್ಲು ಬೇಕಾಗಿಲ್ಲ. ಮನೆಯ ಹಳೆಯ ಕರಿಯ ಬೈಸಿಕಲ್ಲು, ಸ್ವಲ್ಪ ಇಳಿಸಿದ ಗಾಳಿ, ಒಂದು ಪಂಪು, ಪಂಕ್ಚರು ಸಾಮಾನು, ತಲೆಗೊಂದಕ್ಕೆ ಎರಡು ಲೀಟರ್ ನೀರು ಸಾಕು. ನೀರನ್ನು ಮನೆಯಿಂದಲೇ ಒಯ್ಯುವುದು ಲೇಸು. ಇಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ; ಅದು ಕೂಡ ಈ ಗ್ರಾನೈಟಿನಿಂದ ಕರಗಿ ಬಂದುದೇ.