ಮಾಯಾಲೋಕಕ್ಕೆ ಎಷ್ಟು ಮೈಲಿ?

ಮೈಲಾಪೂರಿನ ಕಪಾಲೀಶ್ವರ ದೇವಾಲಯದ ಆಸುಪಾಸಿನಿಂದ ಕಚೇರಿ ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ನಡೆದರೆ ಅರ್ಧ ಗಂಟೆಯೊಳಗಾಗಿ ಸಾಂತೋಮ್ ಸಿಗುತ್ತದೆ. ಅದರಾಚೆ ಬಂಗಾಳ ಕೊಲ್ಲಿ. ಸಂಜೆಯ ತಂಗಾಳಿಗೆಂದು ಅಲ್ಲಿಗೆ ಹೋಗಿ ಬರುವ ಕನ್ನಡಿಗರು ಅನೇಕರಿದ್ದಾರೆ. ತಾವು ಕಡಲೆಕಾಯಿ ಮೆಲ್ಲುತ್ತ ಕುಳಿತಿರುವ ಈ ಕರಾವಳಿಯು ಭಾರತದ ಅಂತರಜಾಲದ ಹೆಬ್ಬಾಗಿಲುಗಳಲ್ಲಿ ಒಂದೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಹೇಳಲಾಗದು. ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತುಗಳನ್ನು ಒಡಲಲ್ಲಿಟ್ಟುಕೊಂಡ ಕೇಬಲ್ಲುಗಳು ಸಿಂಗಪುರದ ಕಡೆಯಿಂದ ಸಮುದ್ರತಳದಲ್ಲಿ ಹಾದುಬಂದು ಚೆನ್ನೈ ತೀರದಲ್ಲಿ ನೆಲವನ್ನೇರುತ್ತವೆ. ಈ ಗೌರವ ಈ ಊರಿಗೆ ಹೊಸತೂ ಅಲ್ಲ. 1871ರಲ್ಲಿಯೇ ಮದರಾಸಿನಿಂದ ಪೆನಾಂಗಿನ ಮಾರ್ಗವಾಗಿ ಸಿಂಗಪುರಕ್ಕೆ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಹಾಕಲ್ಪಟ್ಟಿತ್ತು. 2002ರಲ್ಲಿ ಬಂದ ಐ-ಟು-ಐ ಎಂಬ ಕೇಬಲ್ಲು ಸುಮಾರು 3,200 ಕಿ.ಮೀ. ಉದ್ದವಿದ್ದು ಅದೇ ಎರಡು ನಗರಗಳನ್ನು ಬೆಳಕಿನ ಮೂಲಕ ಬೆಸೆಯಿತು.

ಇಂತಹ ಹೆಬ್ಬಾಗಿಲಿನ ಪಕ್ಕದಲ್ಲೇ ಇರುವ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹದಿನೈದು ವರ್ಷದ ಹುಡುಗ ಕಂಪ್ಯೂಟರಿನ ಮುಂದೆ ಕುಳಿತು, ಸಹಸ್ರಾರು ಅಪರಿಚಿತರು ಒಂದೇ ಕಾಲಕ್ಕೆ ಸಂಚರಿಸುವ ಕಲ್ಪಿತ ಲೋಕವೊಂದರಲ್ಲಿ ಆಡುತ್ತಿದ್ದಾನೆ. ಗೋಡೆಯ ಮರೆಗೆ ಸರಿದ ಮೇಲೂ ಅವನ ಆಟದ ಮನುಷ್ಯನಿಗೆ ಗುಂಡು ತಾಗುತ್ತದೆ. ನಾಲ್ಕು ಹೆಜ್ಜೆ ಮುಂದೆ ನಡೆದವನು ರಬ್ಬರು ಎಳೆದಂತೆ ಹಿಂದಕ್ಕೆ ಜಾರುತ್ತಾನೆ. ಹುಡುಗ "ಲ್ಯಾಗ್, ಲ್ಯಾಗ್" ಎಂದು ಮೇಜು ಗುದ್ದುತ್ತಾನೆ. ತಂದೆ ಮಾಸಿಕ ಚಂದಾವನ್ನು ಹೆಚ್ಚಿಸಿ, ನೂರರ ಬದಲಿಗೆ ಮುನ್ನೂರು ಮೆಗಾಬಿಟ್ಟಿನ ಸಂಪರ್ಕವನ್ನು ಕೊಡಿಸುತ್ತಾರೆ. ಮರುದಿನವೂ ಅದೇ ಗುದ್ದು. ಮಗನ ಸ್ವಭಾವವೇ ಕೆಟ್ಟಿತೆಂದು ತಾಯಿ ಮರುಗುತ್ತಾಳೆ. ಸ್ವಭಾವದ ವಿಷಯ ಹಾಗಿರಲಿ, ಈ ಒಂದು ದೂರಿನ ಮಟ್ಟಿಗೆ ಹುಡುಗನ ಮಾತು ನಿಜ, ತಂದೆಯ ಖರ್ಚು ವ್ಯರ್ಥ.

ಏಕೆಂಬುದನ್ನು ತಿಳಿಯಲು ಬ್ಯಾಂಕಿನ ಹಳೆಯ ಪರಸ್ಥಳದ ಚೆಕ್ಕನ್ನು ನೆನೆಯಬೇಕು. ಧಾರವಾಡದ ಶಾಖೆಯೊಂದರ ಮೇಲೆ ಬರೆದ ಚೆಕ್ಕನ್ನು ಮದರಾಸಿನಲ್ಲಿ ಜಮಾ ಮಾಡಿದರೆ, ಅದು ಅಂಚೆಯಲ್ಲಿ ಧಾರವಾಡಕ್ಕೆ ಹೋಗಿ, ಅಲ್ಲಿ ಪಾಸಾಗಿ, ಅಲ್ಲಿಂದ ಉತ್ತರ ಬರುವವರೆಗೆ ಗಿರಾಕಿ ಕಾಯಬೇಕಾಗಿತ್ತು. ಚೆಕ್ಕು ನೂರು ರೂಪಾಯಿಯದಿರಲಿ, ಲಕ್ಷ ರೂಪಾಯಿಯದಿರಲಿ, ಕಾಯುವ ದಿನಗಳು ಅಷ್ಟೇ. ಮೊತ್ತ ದೊಡ್ಡದೆಂದು ರೈಲು ವೇಗವಾಗಿ ಓಡುತ್ತಿರಲಿಲ್ಲ. ಅಂತರಜಾಲದ ಕಂಪೆನಿಗಳು "ವೇಗ" ಎಂದು ಜಾಹೀರಾತು ಮಾಡುವ ಮೆಗಾಬಿಟ್ಟುಗಳು ಈ ಮೊತ್ತದಂತೆ: ಒಂದು ಸೆಕೆಂಡಿಗೆ ಎಷ್ಟು ಸರಕು ಹರಿಯಬಲ್ಲದೆಂಬುದರ ಅಳತೆ. ಸಿನಿಮಾ ನೋಡುವವರಿಗೆ ಅದು ಬೇಕು. ಆಡುವವನಿಗೆ ಬೇಕಾದ್ದು ಬೇರೆ, ಒಂದು ಚಿಕ್ಕ ಚೀಟಿ ಹೋಗಿ ಉತ್ತರ ತರಲು ಹಿಡಿಯುವ ಕಾಲ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ದೂರ.

ಎಲ್ಲಿಗೆ ದೂರ ಎಂದರೆ, ಸರ್ವರ್ ಇರುವ ಊರಿಗೆ. ಕಲ್ಪಿತ ಲೋಕವು ಆಡುವವನ ಮನೆಯಲ್ಲಿರುವುದಿಲ್ಲ. ಅದರ ಅಧಿಕೃತ ಲೆಡ್ಜರು ಸರ್ವರಿನಲ್ಲಿರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಮೊದಲು ಹೊಡೆದರು ಎಂಬುದಕ್ಕೆಲ್ಲ ಅದರ ನಮೂದೇ ಪ್ರಮಾಣ. ಹುಡುಗ ಗುಂಡಿ ಒತ್ತಿದೊಡನೆ ಸುದ್ದಿ ಅಲ್ಲಿಗೆ ಹೋಗಿ, ನಮೂದಾಗಿ, ಫಲಿತಾಂಶ ಹಿಂದಿರುಗಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ ಪ್ರತಿ ನೂರು ಕಿ.ಮೀ. ದೂರಕ್ಕೆ ಹೋಗಿ ಬರುವ ಖರ್ಚು ಒಂದು ಮಿಲಿಸೆಕೆಂಡು, ಸೆಕೆಂಡಿನ ಸಾವಿರದ ಒಂದು ಪಾಲು. ಈ ದರದಲ್ಲಿ ರಿಯಾಯಿತಿ ಯಾರಿಗೂ ಇಲ್ಲ. ಚೆಕ್ಕಿಗಾದರೋ ಒಂದು ಉಪಾಯವಿತ್ತು: ಚೆನ್ನೈಯಲ್ಲಿ 2011ರಿಂದ ಕಾಗದವನ್ನು ಕಳುಹಿಸುವುದನ್ನು ಬಿಟ್ಟು ಅದರ ಚಿತ್ರವನ್ನು ಕಳುಹಿಸಲಾರಂಭಿಸಿದರು. ಆಟದ ಸುದ್ದಿಯಲ್ಲಿ ಬಿಟ್ಟುಬಿಡಬಹುದಾದ ಕಾಗದವಿಲ್ಲ. ಅದು ಆಗಲೇ ಬೆಳಕಾಗಿದೆ.

ಮೈಲಾಪೂರಿನಿಂದ ಮುಂಬಯಿ ನೇರ ರೇಖೆಯಲ್ಲಿ ಸುಮಾರು ಸಾವಿರ ಕಿ.ಮೀ.; ಲೆಕ್ಕದಂತೆ ಹತ್ತು ಮಿಲಿಸೆಕೆಂಡು. ಆದರೆ ಕೇಬಲ್ಲು ನೇರ ರೇಖೆಯಲ್ಲಿ ಹೋಗುವುದಿಲ್ಲ, ರಸ್ತೆ ರೈಲುಗಳಂತೆ ಬಳಸಿ ಹೋಗುತ್ತದೆ. ನಡುವೆ ಜಂಕ್ಷನ್ನುಗಳೂ ಇವೆ. ಆದ್ದರಿಂದ ವಾಸ್ತವದಲ್ಲಿ ಅದು ಇಪ್ಪತ್ತು ಇಪ್ಪತ್ತೈದಾಗುತ್ತದೆ. ಸಿಂಗಪುರ ಮೂವತ್ತೈದು ನಲವತ್ತರಷ್ಟು. ಲಂಡನ್ ನೂರರ ಮೇಲೆ. ಅಮೆರಿಕದ ಪಶ್ಚಿಮ ತೀರ ಹದಿಮೂರು ಸಾವಿರ ಕಿ.ಮೀ.ಗೂ ಹೆಚ್ಚು ದೂರವಿದ್ದು, ಸುದ್ದಿ ಹೋಗಿ ಬರಲು ಇನ್ನೂರು ಮಿಲಿಸೆಕೆಂಡುಗಳನ್ನು ಮೀರುತ್ತದೆ. ಸೆಕೆಂಡಿನ ಐದರಲ್ಲೊಂದು ಪಾಲು ಯಾವ ಮಹಾ ಕಾಲ ಎಂದು ಹಿರಿಯರು ನಕ್ಕಾರು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಆರೋಗ್ಯವಂತ ಮನುಷ್ಯನಿಗೆ ಹಿಡಿಯುವ ಕಾಲವೂ ಸುಮಾರು ಅಷ್ಟೇ. ಅಂದರೆ ದೂರದ ಆಟಗಾರ, ಅಮೆರಿಕದವನಷ್ಟೇ ಚುರುಕಾಗಿದ್ದರೂ, ಅರ್ಧ ಚುರುಕಿನವನಂತೆ ಸೋಲುತ್ತಾನೆ.

ಆಟಗಳನ್ನು ಕಟ್ಟುವವರಿಗೆ ಈ ಅನ್ಯಾಯ ತಿಳಿಯದ್ದೇನಲ್ಲ. ಒತ್ತಿದ ಗುಂಡಿಗೆ ಉತ್ತರ ಬರುವ ಮೊದಲೇ, ಬರಬಹುದಾದ ಉತ್ತರವನ್ನು ಊಹಿಸಿ ಮನೆಯ ಕಂಪ್ಯೂಟರು ಹೆಜ್ಜೆಯನ್ನು ಮುಂದಿಡಿಸುತ್ತದೆ. ಊಹೆ ಸರಿಯಾದರೆ ಯಾರಿಗೂ ವಿಳಂಬ ಕಾಣದು. ತಪ್ಪಿದರೆ ಲೆಡ್ಜರಿಗೆ ಹೊಂದುವಂತೆ ಆಟದ ಮನುಷ್ಯನನ್ನು ಹಿಂದಕ್ಕೆಳೆಯಬೇಕಾಗುತ್ತದೆ. ರಬ್ಬರಿನ ಎಳೆತ ಎಂದದ್ದು ಇದನ್ನೇ. ಕೌಂಟರ್-ಸ್ಟ್ರೈಕ್‌ನಂತಹ ಗುಂಡಿನ ಆಟಗಳಲ್ಲಿ ಸರ್ವರು ಕಾಲವನ್ನು ತುಸು ಹಿಂದಕ್ಕೆ ತಿರುಗಿಸಿ, ಹೊಡೆದವನ ಕಣ್ಣಿಗೆ ಆ ಕ್ಷಣದಲ್ಲಿ ಏನು ಕಂಡಿತ್ತೆಂದು ನೋಡಿ ತೀರ್ಪು ಕೊಡುತ್ತದೆ. ಗೋಡೆಯ ಮರೆಗೆ ಸರಿದವನಿಗೂ ಗುಂಡು ತಾಗುವ ಸೋಜಿಗಕ್ಕೆ ಕಾರಣ ಇದು: ಹೊಡೆದವನ ಗಡಿಯಾರದಲ್ಲಿ ಅವನಿನ್ನೂ ಬಯಲಿನಲ್ಲಿದ್ದ. ಇವೆಲ್ಲ ವಿಳಂಬವನ್ನು ಮರೆಮಾಡುವ, ಹಂಚುವ ಉಪಾಯಗಳು; ಅಳಿಸುವ ಉಪಾಯಗಳಲ್ಲ.

ಆಟದ ಜಾತಿಯೂ ಇಲ್ಲಿ ಗಣನೀಯ. ಐಸ್‌ಲೆಂಡಿನ ಕಂಪೆನಿಯೊಂದು 2003ರಲ್ಲಿ ಆರಂಭಿಸಿದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಲೋಕವು ಜಗತ್ತಿನ ಬಹುಪಾಲು ಆಟಗಾರರನ್ನು ಲಂಡನ್ನಿನ ಒಂದೇ ಸರ್ವರಿನಲ್ಲಿ ಕೂಡಿಸುತ್ತದೆ. ಅದರ ಲೆಡ್ಜರು ಸೆಕೆಂಡಿಗೊಮ್ಮೆ ಮಾತ್ರ ಬರೆಯಲ್ಪಡುವುದರಿಂದ ನೂರಿನ್ನೂರು ಮಿಲಿಸೆಕೆಂಡಿನ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಕೌಂಟರ್-ಸ್ಟ್ರೈಕ್ ಸೆಕೆಂಡಿಗೆ 64 ಬಾರಿ ಬರೆಯುತ್ತದೆ. ಮೊದಲನೆಯದು ಚದುರಂಗ, ಎರಡನೆಯದು ಕಬಡ್ಡಿ. ಅದೇ 2003ರಲ್ಲಿ ಹುಟ್ಟಿದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ಯುದ್ಧವೇ ಮುಖ್ಯವಲ್ಲ. ಜನ ಮನೆ ಕಟ್ಟುತ್ತಾರೆ, ಹರಟುತ್ತಾರೆ. ಅದರ ನೆಲವು 256 ಮೀಟರು ಚೌಕದ ತುಂಡುಗಳಾಗಿದ್ದು ಎಲ್ಲವೂ ಅಮೆರಿಕದ ಸರ್ವರುಗಳಲ್ಲಿವೆ. ಅಲ್ಲಿ ಒಂದೇ ಚೌಕದಲ್ಲಿ ಜನಜಂಗುಳಿ ಸೇರಿದರೆ ಅಮೆರಿಕದವನಿಗೂ ಕಾಲು ಕೀಳಲಾಗದು. ಅದು ದೂರದ ದೋಷವಲ್ಲ, ಕೌಂಟರಿನ ಮುಂದಿನ ಸಾಲಿನ ದೋಷ. ಎರಡನ್ನೂ "ಲ್ಯಾಗ್" ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ.

ದೂರ ಎಂದರೆ ನಕ್ಷೆಯ ದೂರವೆಂದೂ ತಿಳಿಯಬಾರದು, ತಂತಿಯ ದೂರವೆಂದು ತಿಳಿಯಬೇಕು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾದ ಬಳಿ ಸೀ-ಮೀ-ವೀ 4 ಮೊದಲಾದ ಕೇಬಲ್ಲುಗಳು ತುಂಡಾದಾಗ ಯುರೋಪಿನೆಡೆಗಿನ ಸುದ್ದಿಗಳು ಸುತ್ತುಬಳಸಿನ ದಾರಿ ಹಿಡಿದು ವಿಳಂಬವೇರಿತು. ಯಾವ ಊರೂ ಜಾಗ ಬಿಟ್ಟು ಕದಲಿರಲಿಲ್ಲ. ಇದಕ್ಕೆ ವಿರುದ್ಧವಾದ, ಸಂತೋಷದ ಉದಾಹರಣೆ ಇದೇ ಕೊಲ್ಲಿಯ ಆಚೆ ದಡದಲ್ಲಿದೆ. ಅಂಡಮಾನಿನ ಪೋರ್ಟ್ ಬ್ಲೇರ್ ಚೆನ್ನೈಯಿಂದ ಸುಮಾರು 1,350 ಕಿ.ಮೀ. ಅಷ್ಟೆ. ಆದರೆ 2020ರವರೆಗೆ ದ್ವೀಪದ ಸುದ್ದಿಗಳು ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಹತ್ತಿ ಇಳಿಯಬೇಕಾಗಿದ್ದವು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. 2020ರ ಆಗಸ್ಟ್ 10ರಂದು ಚೆನ್ನೈಯಿಂದ ದ್ವೀಪಗಳಿಗೆ ಹಾಕಿದ ಸುಮಾರು 2,300 ಕಿ.ಮೀ. ಸಮುದ್ರ ಕೇಬಲ್ಲು ಉದ್ಘಾಟನೆಯಾಯಿತು. ಅದುವರೆಗೆ ಆಟದ ಲೋಕದಲ್ಲಿ ಪೋರ್ಟ್ ಬ್ಲೇರಿನ ಹುಡುಗ ಮೈಲಾಪೂರಿನವನಿಗೆ ಅಮೆರಿಕದವನಿಗಿಂತಲೂ ದೂರದವನಾಗಿದ್ದ; ಈಗ ನೆರೆಯವನಾದ.

ಸರ್ವರುಗಳೂ ಈಚೆಗೆ ಹತ್ತಿರ ಬಂದಿವೆ. ಅಮೆಜಾನ್ ಸಂಸ್ಥೆ 2016ರಲ್ಲಿ ಮುಂಬಯಿಯಲ್ಲಿ ತನ್ನ ಬಾಡಿಗೆ ಸರ್ವರುಗಳ ಕೇಂದ್ರವನ್ನು ತೆರೆಯಿತು. 2020ರಲ್ಲಿ ಹೊರಬಂದ ವ್ಯಾಲೊರಂಟ್ ಆಟಕ್ಕೆ ಮುಂಬಯಿಯ ಸರ್ವರು ದೊರೆಯಿತು. ಕೌಂಟರ್-ಸ್ಟ್ರೈಕ್‌ನ ಒಡೆಯರಾದ ವ್ಯಾಲ್ವ್ ಸಂಸ್ಥೆ ಮುಂಬಯಿಯಲ್ಲದೆ ಚೆನ್ನೈಯಲ್ಲೂ ನೆಲೆ ಇಟ್ಟುಕೊಂಡಿದೆ. ಅಂಬತ್ತೂರು, ಸಿರುಚ್ಚೇರಿಗಳಲ್ಲಿ ಸರ್ವರುಗಳ ಮಹಾಮಂದಿರಗಳು ಎದ್ದಿವೆ. ಆದ್ದರಿಂದ ದುಬಾರಿ ಚಂದಾ ಕಟ್ಟುವ ಮೊದಲು ತಂದೆಯಾದವನು ಮಾಡಬೇಕಾದ್ದು, ಆಟದ ಸೆಟ್ಟಿಂಗಿನಲ್ಲಿ "ಪ್ರದೇಶ" ಎಂಬಲ್ಲಿ ಯಾವ ಊರು ನಮೂದಾಗಿದೆಯೆಂದು ನೋಡುವುದು. ಸ್ನೇಹಿತನೊಬ್ಬ ಯುರೋಪಿನಲ್ಲಿರುವನೆಂಬ ಒಂದೇ ಕಾರಣಕ್ಕೆ ಅದು ಫ್ರಾಂಕ್‌ಫರ್ಟ್ ಆಗಿರಬಹುದು. ಎರಡನೆಯದಾಗಿ, ವೈಫೈಯನ್ನು ಬಿಟ್ಟು ಒಂದು ದಿನ ತಂತಿಯಲ್ಲಿ ಆಡಿಸಿ ನೋಡುವುದು. ಎಷ್ಟೋ ವೇಳೆ ಅಮೆರಿಕದ ಮೇಲೆ ಹೊರಿಸಿದ ಅಪರಾಧ ಪಡಸಾಲೆಯ ಗೋಡೆಯದಾಗಿರುತ್ತದೆ.

ದೂರದ ಸರ್ವರಿನಿಂದ ದೇಹಕ್ಕೂ ಒಂದು ತೊಂದರೆಯಿದೆ. ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯಲಾಗದು. ಸರ್ವರು ಎಲ್ಲಿದೆಯೋ ಅಲ್ಲಿಯ ಸಂಜೆಗೆ ಜನ ಕೂಡುತ್ತಾರೆ. ಯುರೋಪಿನ ರಾತ್ರಿ ಊಟದ ಹೊತ್ತು ನಮ್ಮಲ್ಲಿ ನಡುರಾತ್ರಿ. ಹದಿವಯಸ್ಕರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುವಾಗ, ಫ್ರಾಂಕ್‌ಫರ್ಟಿನ ಗಡಿಯಾರಕ್ಕೆ ಆಡುವ ಮೈಲಾಪೂರಿನ ಹುಡುಗ ಮೊದಲು ಕಳೆದುಕೊಳ್ಳುವುದು ಆ ನಿದ್ರೆಯನ್ನೇ. ನಿದ್ದೆಗೆಟ್ಟವನ ಕೈ ಮತ್ತೂ ನಿಧಾನವಾಗುತ್ತದೆಂಬುದು ಹುಡುಗನಿಗೆ ಹೇಳಬಹುದಾದ, ಅವನು ಕೇಳಬಹುದಾದ ವಾದ. ಆಟ ಚಟವಾಗಿ ಬೆಳೆದ ಮನೆಗಳವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಆರಂಭವಾದ 'ಷಟ್' ಚಿಕಿತ್ಸಾಲಯವನ್ನು ನೆನಪಿನಲ್ಲಿಡುವುದು ಒಳಿತು.

ಇನ್ನುಳಿದದ್ದು ನೆಂಟರ ಪ್ರಶ್ನೆ. ಇಂದು ಒಂದು ಕನ್ನಡ ಕುಟುಂಬವೆಂದರೆ ಮೈಲಾಪೂರಿನಲ್ಲೊಬ್ಬ ಮಗ, ಬೆಂಗಳೂರಿನಲ್ಲಿ ಮಗಳು, ಕ್ಯಾಲಿಫೋರ್ನಿಯದಲ್ಲಿ ಇನ್ನೊಬ್ಬ ಮಗ. ಮೊಮ್ಮಕ್ಕಳು ವಾರಕ್ಕೊಮ್ಮೆ ಮೈನ್‌ಕ್ರಾಫ್ಟ್ ಲೋಕದಲ್ಲಿ ಕೂಡಿ ಮನೆ ಕಟ್ಟುತ್ತಾರೆ. ಎಷ್ಟೋ ಮಕ್ಕಳಿಗೆ ಸೋದರಸಂಬಂಧಿಗಳ ಒಡನಾಟವೆಂದರೆ ಅಷ್ಟೇ. ಬಾಡಿಗೆಗೆ ಸರ್ವರು ಹಿಡಿಯುವಾಗ ಊರನ್ನು ಆರಿಸಿಕೊಳ್ಳುವ ಅವಕಾಶವಿರುತ್ತದೆ. ಮುಂಬಯಿಯಾದರೆ ಅಮೆರಿಕದ ಮಗು ತಡವರಿಸುತ್ತದೆ, ಕ್ಯಾಲಿಫೋರ್ನಿಯವಾದರೆ ಇಲ್ಲಿಯವು. ಹಬ್ಬಕ್ಕೆ ಯಾರ ಮನೆಯಲ್ಲಿ ಸೇರಬೇಕೆಂಬ ಹಳೆಯ ವಾಗ್ವಾದವೇ ಇದು. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ಟೋಕಿಯೋ ಚೆನ್ನೈಯಿಂದ ಸುಮಾರು 6,400 ಕಿ.ಮೀ., ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 8,300 ಕಿ.ಮೀ.; ಎರಡೂ ಕಡೆಯವರಿಗೆ ನೂರರ ಆಜುಬಾಜಿನ ಮಿಲಿಸೆಕೆಂಡುಗಳು. ಮೈನ್‌ಕ್ರಾಫ್ಟಿನ ಲೆಡ್ಜರು ಸೆಕೆಂಡಿಗೆ ಇಪ್ಪತ್ತು ಬಾರಿ ಮಾತ್ರ ಬರೆಯಲ್ಪಡುವುದರಿಂದ ಇಟ್ಟಿಗೆ ಜೋಡಿಸಲು ಅಷ್ಟು ಸಾಕು. ನೆಂಟರಾರೂ ಇಲ್ಲದ ಊರಿನ ಛತ್ರದಲ್ಲಿ ಎಲ್ಲರೂ ಸೇರಿದಂತೆ. ಹೊತ್ತು ಮಾತ್ರ ಯಾವ ಸರ್ವರಿನಿಂದಲೂ ಹತ್ತಿರವಾಗದು. ಅಲ್ಲಿ ಶನಿವಾರ ರಾತ್ರಿ ಎಂಟಾದಾಗ ಇಲ್ಲಿ ಭಾನುವಾರ ಬೆಳಗಿನ ಎಂಟೂವರೆ, ಅವರ ಚಳಿಗಾಲದಲ್ಲಿ ಒಂಬತ್ತೂವರೆ. ಇಲ್ಲಿಯವರ ಕಾಫಿ ಮುಗಿದಿರುತ್ತದೆ, ಅಲ್ಲಿಯ ಮಗುವಿಗೆ ಮಲಗಲು ಇನ್ನೂ ಒಂದು ಗಂಟೆಯಿರುತ್ತದೆ.