ಯುಗಾದಿಯ ಮೊದಲ ಹೊತ್ತಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಿಗೆ ಯುಗಾದಿಯೇ ಹೊಸ ವರ್ಷ. ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳೂ ಅಂದು ಊರಿಗೆ ಮರಳುತ್ತಾರೆ. ಬೇವು-ಬೆಲ್ಲ ಹಂಚಿ, ಪಂಚಾಂಗ ಕೇಳಿ ಮಳೆ-ಬೆಳೆಯ ಫಲವನ್ನು ಅರಿಯುವ ಮನೆಯವರು ವರ್ಷದ ಮೊದಲ ಪುಸ್ತಕವನ್ನೂ ಅಂದೇ ಏಕೆ ಆರಿಸಿಕೊಳ್ಳಬಾರದು?

ಆಯ್ಕೆಯ ಅಳತೆಗೋಲು ಸರಳವಾದುದು. ಒಬ್ಬರು ಓದಿದರೆ ಅಕ್ಷರ ಬಾರದ ಅಜ್ಜಿಗೂ ತಿಳಿಯಬೇಕು. ಇಂಗ್ಲಿಷ್ ಶಾಲೆಯ ಮೊಮ್ಮಗನೂ ತಡವರಿಸಿಯಾದರೂ ಓದುವಂತಿರಬೇಕು. ವಚನಗಳು ಇದಕ್ಕೆ ಒಪ್ಪುತ್ತವೆ. ಕೆಲವೇ ಸಾಲುಗಳಲ್ಲಿ ಒಂದೊಂದೂ ಪೂರ್ಣ. ತಾಳೆಗರಿಗಳಲ್ಲಿ ಹುದುಗಿದ್ದ ಅವನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1993ರಲ್ಲಿ ರಾಜ್ಯ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಎಲ್ಲವನ್ನೂ ಮುಗಿಸುವ ಹಠ ಬೇಡ; ಒಬ್ಬ ಶರಣರ ಅಥವಾ ಶರಣೆಯ ಕಿರುಹೊತ್ತಿಗೆಯೊಂದು ಸಾಕು. ಕಥೆ ಬಯಸುವ ಯುವಕರು ಶಿರಾ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪನವರ ಕಾದಂಬರಿಯೊಂದನ್ನು ಕೈಗೆತ್ತಿಕೊಳ್ಳಲಿ.

ಪುಸ್ತಕವನ್ನು ವಿಭೂತಿ ಹಚ್ಚಿ ಪೂಜಿಸಿದರೆ ಸಾಲದು, ತೆರೆಯಬೇಕು. ಮನೆಯಲ್ಲಿ ಓದುವ ದನಿ ನಿಂತರೆ ಮುಂದಿನ ತಲೆಮಾರಿಗೆ ವಚನಗಳು ಪರಭಾಷೆಯಾದಾವು. ಹಬ್ಬ ಮುಗಿಸಿ ಮಕ್ಕಳು ಬಸ್ಸು ಹತ್ತುವ ಮುನ್ನ ಹತ್ತು ಪುಟಗಳನ್ನಾದರೂ ಮನೆಮಂದಿಯೆಲ್ಲ ಕೂಡಿ ಕೇಳುವಂತಾಗಲಿ.